ಎರಡು ವರ್ಷ ಬೇಕಾದ ಹುಡುಗ

ಏಪ್ರಿಲ್ 11, 1999, ಭಾನುವಾರ

ಬಂದು ತಿಂಗಳು ದಾಟಿದರೂ ಬೆಳಿಗ್ಗೆ ಎದ್ದ ಕೂಡಲೇ ನಂಬಿಕೆ ಬರುವುದಿಲ್ಲ. ಇದು ನನ್ನ ಮನೆ! ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನನ್ನ ಮನೆ, ನನ್ನ ಗಂಡ, ನನ್ನ ಮೈಕ್ರೊವೇವ್! ಎದುರಿಗೆ ಅವನನ್ನು ‘ರೀ’ ಅನ್ನುತ್ತೇನೆ, ಇಲ್ಲಿ ಮಾತ್ರ ಬಸವ. ಬಸವ, ಬಸವ, ಬಸವ! ಯಾರೂ ಓದುವುದಿಲ್ಲವಲ್ಲ!

ಇವತ್ತು ಅವನು ಎಲ್ಲಿಂದಲೋ ಜೋಳದ ಹಿಟ್ಟು ಹುಡುಕಿ ತಂದ. ಧಾರವಾಡದ ಕಾನ್ವೆಂಟಿನಲ್ಲಿ ಓದಿದ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ರೋಣದ ಕಡೆಯ ಹಳ್ಳಿಯವನಾದ ಅವನಿಗೆ ಬರುತ್ತದೆ. ಅವನು ಬಡಿದ, ನಾನು ತಿಂದೆ. ಇದೇನು ಸದ್ದು ಎಂದು ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಅವರಿಗೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿ ಕಳಿಸಿದ್ದು ನಾನು. ಹೀಗೆ ನಡೆಯುತ್ತಿದೆ ನಮ್ಮ ಸಂಸಾರ, ಕೈ ಅವನದು, ಬಾಯಿ ನನ್ನದು! ಪಿಜ್ಜಾಕ್ಕೆ ಫೋನ್ ಮಾಡುವವಳು ನಾನು, ಕೇಬಲ್ ಕಂಪನಿಯೊಂದಿಗೆ ಜಗಳಾಡುವವಳು ನಾನು. ಮನೆಯ ಫೋನ್ ಗಂಟೆ ಹೊಡೆದರೆ ಅವನು ಎತ್ತಿ, ಬಿಸಿ ಪಾತ್ರೆ ಹಿಡಿದವನ ಹಾಗೆ ನನ್ನ ಕೈಗೆ ದಾಟಿಸುತ್ತಾನೆ. ಎಷ್ಟು ಮುದ್ದು!

ಕನ್ನಡ ಶಾಲೆಯಲ್ಲಿ ಓದಿ, ಆ ವಂಶದಲ್ಲೇ ಮೊದಲು ಡಿಗ್ರಿ ಪಡೆದವನು. ಒಂದು ಇನ್ಶೂರೆನ್ಸ್ ಕಂಪನಿಯ ಹಳೆಯ ಪ್ರೋಗ್ರಾಮುಗಳನ್ನು ಎರಡು ಸಾವಿರದ ಇಸವಿಗೆ ರೆಡಿ ಮಾಡುತ್ತಿದ್ದಾನೆ, ಕಾಂಟ್ರಾಕ್ಟಿನ ಮೇಲೆ. ಅಲ್ಲಿಯ ಮ್ಯಾನೇಜರ್ ಟೋನಿ ಕಾಂಟ್ರಾಕ್ಟಿನವರಲ್ಲಿ ಒಬ್ಬರನ್ನು ಪರ್ಮನೆಂಟ್ ಮಾಡಿಕೊಂಡು ಟೀಮ್ ಲೀಡ್ ಮಾಡುತ್ತಾನಂತೆ. ಸಿಕ್ಕರೆ ನಾವು ಇಲ್ಲಿ ಬೇರು ಬಿಡುತ್ತೇವೆ. ಸಿಗದಿದ್ದರೆ ಡಿಸೆಂಬರಿಗೆ ಕೆಲಸ ಮುಗಿದು ಬೆಂಚು, ಬೆಂಚಿನಿಂದ ವಾಪಸ್ ವಿಮಾನ. ಇಲ್ಲಿಯ ಕನ್ಸಲ್ಟಂಟುಗಳ ಹೆಂಡಂದಿರು ಮೊದಲು ಕಲಿಯುವ ಶಬ್ದಗಳೇ ಎರಡು. ಪ್ರಾಜೆಕ್ಟ್ ಅಂದರೆ ಕೆಲಸ ಇದೆ, ಬೆಂಚ್ ಅಂದರೆ ಇಲ್ಲ. ನಮಗೆ ಸಿಕ್ಕೇ ಸಿಗುತ್ತದೆ, ನನಗೆ ಗೊತ್ತು!

ಏಪ್ರಿಲ್ 16, ಶುಕ್ರವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಬಸವ ಬಂದವನೇ ಷೂ ಕೂಡ ಬಿಚ್ಚದೆ, “ಇವತ್ತು ಟೋನಿ ಹೆಡ್ ಆಫೀಸಿನವರ ಕೂಡ ಫೋನಿನ್ಯಾಗ ಮಾತಾಡಾಕತ್ತಿದ್ದ. ನನ್ನ ಹೆಸರು ತಗೊಂಡ. ‘ಬ್ಯಾಸ್ ಈಸ್ ಎ ಪ್ರಾಜೆಕ್ಟ್’ ಅಂದ. ಹಂಗಂದ್ರ ಏನು?” ಎಂದ.

“ಏನು ಅಂತ ಕೇಳ್ತೀರಲ್ರೀ! ನಿಮಗ ಪ್ರಾಜೆಕ್ಟ್ ಸಿಕ್ತು ಅಂತ!”

“ಹಂಗಿದ್ರ ‘ಹ್ಯಾಸ್ ಎ ಪ್ರಾಜೆಕ್ಟ್’ ಅನ್ನಬೇಕಿತ್ತಲ್ಲ? ‘ಈಸ್’ ಅಂದ.”

“ಅಮೆರಿಕನ್ನರು ಹಂಗ ಮಾತಾಡ್ತಾರ್ರೀ. ಗ್ರಾಮರ್ ನನಗ ಬಿಡ್ರಿ.”

ಅವನು ನಕ್ಕ. ಇಡೀ ಮುಖ ನಕ್ಕಿತು! ಊರಿನಲ್ಲಿ ಬೆಳಗಾಗುವ ಹೊತ್ತಿಗೆ ಕಾದು, ಕಾಲಿಂಗ್ ಕಾರ್ಡಿನ ನಂಬರ್ ಗೀಚಿ ತೆಗೆದು ಫೋನ್ ಮಾಡಿದೆವು. ಅತ್ತೆಯ ಮನೆಯಲ್ಲಿ ಫೋನಿಲ್ಲ, ಎದುರು ಮನೆಯ ಪಂಚಾಕ್ಷರಿ ಮಾಸ್ತರರ ಮನೆಗೆ ಕರೆಸಬೇಕು. ಅತ್ತೆ ಬಂದಾಗ ಹಿಂದೆ ಅರ್ಧ ಓಣಿಯ ದನಿ ಕೇಳುತ್ತಿತ್ತು. “ಅತ್ತಿ, ನಿಮ್ಮ ಮಗ ದೊಡ್ಡ ಸಾಹೇಬ್ರಾದ್ರು!” ಎಂದು ನಾನೇ ಹೇಳಿದೆ. ಬಸವ ಪಕ್ಕದಲ್ಲಿ ನಿಂತು ತಲೆಯಾಡಿಸಿದ. ಅತ್ತೆ ಊರಿಗೆಲ್ಲ ಪೇಢೆ ಹಂಚುತ್ತಾರಂತೆ.

ಏಪ್ರಿಲ್ 18, ಭಾನುವಾರ

ಫ್ಲಶಿಂಗ್‌ನ ಗಣಪತಿ ಗುಡಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಮ್ಯಾನ್‌ಹಟನ್, ಅಲ್ಲಿಂದ ಸಬ್‌ವೇ, ಆಮೇಲೆ ನಡಿಗೆ. ಬಸವನ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಕೆಳಗಿನ ಕ್ಯಾಂಟೀನಿನಲ್ಲಿ ಅವನು ಒಂದು ಮಸಾಲೆ ದೋಸೆ ತಿಂದು, ನನ್ನನ್ನು ನೋಡಿ, ಇನ್ನೊಂದು ತಂದ. ಪ್ರಾಜೆಕ್ಟ್ ದೋಸೆ ಎಂದು ಹೆಸರಿಟ್ಟೆವು!

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರು ಗಂಡಸರು ಡ್ರಾಫ್ಟ್, ಡ್ರಾಫ್ಟ್ ಎಂದು ಕೂಗಾಡುತ್ತಿದ್ದರು. ಇಲ್ಲಿಯ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ವರ್ಷಕ್ಕೊಮ್ಮೆ ಪ್ರತಿ ತಂಡವೂ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತದೆ, ಅದೇ ಡ್ರಾಫ್ಟ್. ಬಸವ ಹೇಳಿದ, “ನಾಳೆ ಕಾಫಿ ರೂಮಿನ್ಯಾಗ ಇದ ಮಾತು. ಟೋನಿ ಇಲ್ಲೀ ತಂಡಕ್ಕ ಹುಚ್ಚ ಆಗ್ಯಾನ. ಹೋದ ವಾರ ‘ಬ್ಯಾಸ್, ನಿನಗೇನನಸ್ತದ?’ ಅಂತ ಕೇಳಿದ. ನಾ ‘ವೆರಿ ನೈಸ್’ ಅಂದೆ. ಎಲ್ಲಾರೂ ನಕ್ಕರು. ಹೋದ ವರ್ಷ ತಂಡ ಸೋತಿದ್ದಕ್ಕ ಕೇಳಿದ್ನಂತ.”

ನಾನು ಬಸ್ಸಿನಲ್ಲೇ ಶಪಥ ಮಾಡಿದೆ. ನಾನು ಕಲಿಯುತ್ತೇನೆ, ನಿಮಗೆ ಕಲಿಸುತ್ತೇನೆ!

ಏಪ್ರಿಲ್ 19, ಸೋಮವಾರ

ಬೆಳಿಗ್ಗೆಯೇ ಸ್ಪೋರ್ಟ್ಸ್ ರೇಡಿಯೋ ಹಚ್ಚಿ ಚಪಾತಿ ಲಟ್ಟಿಸುತ್ತ ಕೇಳಿದೆ. ನಮ್ಮ ಕಡೆಯ ತಂಡ ಎರಡನೇ ಸುತ್ತಿನಲ್ಲಿ ಯಾವುದೋ ಸಣ್ಣ ಕಾಲೇಜಿನ ಉದ್ದನೆಯ ಹುಡುಗನನ್ನು ಆರಿಸಿದೆಯಂತೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಪ್ರತಿ ಆಟಕ್ಕೂ ಉಳಿದ ಹತ್ತು ಜನಕ್ಕೆ ಏನು ಮಾಡಬೇಕೆಂದು ಕೂಗಿ ಹೇಳುವವನು. ಊರಿಗೆ ಊರೇ ಸಿಟ್ಟಾಗಿದೆ. ಬೇಯಾನ್ ಊರಿನಿಂದ ಒಬ್ಬ ಫೋನ್ ಮಾಡಿ, “ಅವನೊಬ್ಬ ಪ್ರಾಜೆಕ್ಟ್! ನನಗೆ ಪ್ರಾಜೆಕ್ಟ್ ಬೇಡ, ಆಟಗಾರ ಬೇಕು!” ಎಂದು ಕಿರುಚಿದ.

ಪ್ರಾಜೆಕ್ಟ್ ಇದ್ದರೆ ಒಳ್ಳೆಯದೇ ಅಲ್ಲವೆ, ಯಾಕೆ ಇಷ್ಟು ಸಿಟ್ಟು ಎಂದುಕೊಂಡೆ. ಆಗ ನಿರೂಪಕ ಬಿಡಿಸಿ ಹೇಳಿದ. ಪ್ರಾಜೆಕ್ಟ್ ಅಂದರೆ ಇನ್ನೂ ಕಟ್ಟಿ ಮುಗಿಯದ ಹುಡುಗ. ತೋಳಿನಲ್ಲಿ ಬಲ ಇದೆ, ಉಳಿದದ್ದೆಲ್ಲ ಕಲಿಸಬೇಕು. ಎರಡು ವರ್ಷ ಬೆಂಚಿನ ಮೇಲೆ ಕೂರಿಸಬೇಕು, ಆಮೇಲೂ ಆಗದೆ ಹೋಗಬಹುದು. ಈ ಹುಡುಗನಿಗೆ ಕಾಲೇಜಿನಲ್ಲಿ ಕೋಚ್ ಮೈದಾನದ ಅಂಚಿನಿಂದ ಕೈಸನ್ನೆ ಮಾಡುತ್ತಿದ್ದನಂತೆ, ಇವನು ಬಾಯಿಬಿಟ್ಟು ಆಟ ಹೇಳಿದ್ದೇ ಇಲ್ಲವಂತೆ.

ಚಪಾತಿ ಹೊತ್ತಿ ಮನೆಯ ಹೊಗೆ ಅಲಾರ್ಮ್ ಕೂಗಿಕೊಂಡಿತು. ಬ್ಯಾಸ್ ಈಸ್ ಎ ಪ್ರಾಜೆಕ್ಟ್.

ಸಂಜೆ ಶ್ಯಾವಿಗೆ ಪಾಯಸ ಮಾಡಿದೆ. ಹೇಳಲಿಲ್ಲ. ಹೇಗೆ ಹೇಳಲಿ? ಗ್ರಾಮರ್ ನನಗೆ ಬಿಡಿ ಅಂದವಳು ನಾನು. ಅತ್ತೆ ಪೇಢೆ ಹಂಚಿ ಆಗಿದೆ. “ಆಫೀಸಿನಾಗ ಏನು ಮಾತಾತ್ರೀ?” ಎಂದು ಕೇಳಿದೆ. “ಅದ, ಫುಟ್‌ಬಾಲು” ಎಂದ. ಎರಡು ಬಟ್ಟಲು ಪಾಯಸ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟ.

ಯೋಚನೆ ಮಾಡಿದ್ದೇನೆ. ಟೋನಿ ಇನ್ನೂ ಯಾರನ್ನೂ ಆರಿಸಿಲ್ಲ ಅಂತಲೇ ಅರ್ಥ. ಅವನು ಆರಿಸುವ ಹೊತ್ತಿಗೆ ಬಸವ ಪ್ರಾಜೆಕ್ಟ್ ಆಗಿ ಉಳಿದಿರುವುದಿಲ್ಲ. ನಾನಿದ್ದೇನೆ!

ಏಪ್ರಿಲ್ 27, ಮಂಗಳವಾರ

ನಾನು ರೇಡಿಯೋದಲ್ಲಿ ಬಂದೆ! ‘ಅಕ್ಷಯಾ ಫ್ರಮ್ ಈಸ್ಟ್ ಬ್ರನ್ಸ್‌ವಿಕ್!’ ಬಹಳ ಹೊತ್ತು ಕಾಯಿಸಿದರು, ಆದರೇನು! ಆ ಹುಡುಗನ ಪರ ವಾದಿಸಿದೆ. ಈಗಿರುವ ಕ್ವಾರ್ಟರ್‌ಬ್ಯಾಕ್‌ಗೆ ಮೊಣಕಾಲು ನೋವು, ವಯಸ್ಸು ಮೂವತ್ತಾರು, ಅವನು ಕುಸಿದು ಬಿದ್ದ ದಿನ ಅಂಗಡಿಗೆ ಹೋಗಿ ಹೊಸಬನನ್ನು ತರಲು ಆಗುತ್ತದೆಯೆ ಅಂದೆ. ಯಾರಾದರೂ ಮೊದಲ ದಿನವೇ ಎಲ್ಲ ಕಲಿತು ಬಂದಿರುತ್ತಾರೆಯೆ ಅಂದೆ.

“ಹನೀ, ನೀನು ಎಷ್ಟು ದಿನ ಕಾಯುತ್ತೀ?” ಎಂದು ಕೇಳಿದ ನಿರೂಪಕ.

“ಎರಡು ವರ್ಷ.”

“ನ್ಯೂಜರ್ಸಿಗೆ ಹೊಸಬಳು ಅನಿಸುತ್ತದೆ” ಎಂದವನೇ ಫೋನಿಟ್ಟ!

ಬಸವನಿಗೆ ಹೇಳಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ, “ಖರೇನ ಎರಡು ವರ್ಷ ಅಂದೆಯೇನು?” ಎಂದು ಮತ್ತೊಮ್ಮೆ ಕೇಳಿದ.

ಮೇ 8, ಶನಿವಾರ

ಟೋನಿಯನ್ನೂ ಇಮ್ರಾನನನ್ನೂ ಊಟಕ್ಕೆ ಕರೆದಿದ್ದೆ. ನನ್ನ ಐಡಿಯಾ! ಇಮ್ರಾನ್ ಮೈಸೂರಿನವನು, ಬಸವನೊಂದಿಗೆ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಾನೆ. ಎಂಟು ವರ್ಷದ ಅನುಭವ, ಹರಳು ಹುರಿದಂತೆ ಇಂಗ್ಲಿಷ್. ಅದೇ ಕೆಲಸಕ್ಕೆ ಅವನ ಹೆಸರೂ ಇದೆ. ಅವನನ್ನು ದ್ವೇಷಿಸೋಣವೆಂದರೆ ಆಗುವುದಿಲ್ಲ, ಬರುವಾಗ ನನಗಾಗಿ ಮೈಸೂರುಪಾಕ್ ತಂದಿದ್ದ.

ಟೋನಿ ಎಣ್ಣೆಗಾಯಿ ತಿಂದು, “ನಮ್ಮಜ್ಜಿ ಮಾಡುತ್ತಿದ್ದ ಬದನೆಕಾಯಿಗಿಂತ ಚೆನ್ನಾಗಿದೆ. ಆಕೆಗೆ ಹೇಳಬೇಡಿ, ಸತ್ತು ಹೋಗಿದ್ದಾಳೆ, ಎದ್ದು ಬರುತ್ತಾಳೆ” ಎಂದ. ಆಮೇಲೆ ಶುರುವಾಯಿತು ನೋಡಿ ಫುಟ್‌ಬಾಲ್!

ಟೋನಿಯ ವಾದ, ಆ ಹುಡುಗನ ಬದಲು ಈ ವರ್ಷವೇ ಆಡುವವನನ್ನು ತೆಗೆದುಕೊಳ್ಳಬೇಕಿತ್ತು. “ನಮ್ಮಪ್ಪ ಈ ತಂಡ ಗೆಲ್ಲುತ್ತದೆ ಅಂತ ಕಾದು ಕಾದು ಹೋದ. ನನಗೂ ಐವತ್ತೆಂಟು. ಎರಡು ವರ್ಷ ಯಾರ ಹತ್ತಿರ ಇದೆ?”

ಇಮ್ರಾನ್ ಹುಡುಗನ ಪರ! “ಟೋನಿ, ನಾನು ಮೊದಲ ಕೆಲಸಕ್ಕೆ ಸೇರಿದಾಗ ಪ್ರಿಂಟರ್ ಆನ್ ಮಾಡೋಕೂ ಬರ್ತಿರಲಿಲ್ಲ. ಯಾರೋ ಕಾದರು” ಎಂದ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಲ್ವಾ ಭಾಭಿ? ಹುಟ್ಟುತ್ತಲೇ ಯಾರು ಸೀನಿಯರ್?” ಎಂದ.

ಟೋನಿ ಬಸವನನ್ನು ಕೇಳಿದ, “ಬ್ಯಾಸ್, ನೀನೇನಂತೀ?”

ಬಸವ ತಟ್ಟೆ ನೋಡುತ್ತ ಕನ್ನಡದಲ್ಲೇ, “ಬೀಜದ ಜ್ವಾಳ ತಿಂದವಗ ಬೆಳಿ ಇಲ್ಲ” ಎಂದ.

ನಾನು ತಕ್ಷಣ ಹಿಡಿದುಕೊಂಡೆ. ನಮ್ಮ ಕಡೆ ಒಳ್ಳೆಯ ಜೋಳವನ್ನು ಮುಂದಿನ ಬಿತ್ತನೆಗೆ ತೆಗೆದಿಡುತ್ತಾರೆ, ಹಸಿವಾಯಿತೆಂದು ಅದನ್ನೇ ಬೀಸಿ ತಿಂದರೆ ಮರು ವರ್ಷ ಹೊಲ ಖಾಲಿ, ಹಾಗೆಯೇ ಈ ತಂಡ, ಹಾಗೆಯೇ ಕಂಪನಿಗಳು, ಹಾಗೆಯೇ ನಿಮ್ಮ ಸಿಸ್ಟಂ ಅನ್ನು ಬಸವ ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಎಂದೆಲ್ಲ ಹೇಳಿದೆ.

“ಇಷ್ಟನ್ನೂ ಅವನು ನಾಲ್ಕು ಮಾತಲ್ಲಿ ಹೇಳಿದನೇ?” ಎಂದು ಟೋನಿ ಹುಬ್ಬೇರಿಸಿದ. “ಈ ಮನೆಯ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಈಗ ಗೊತ್ತಾಯಿತು.”

ನನ್ನನ್ನೇ ಅಂದದ್ದು! ಎಲ್ಲರೂ ನಕ್ಕೆವು. ಬಸವ ನೀರು ತರಲು ಒಳಗೆ ಹೋದ.

ಟೋನಿ ಇನ್ನೊಂದು ಮಜಾ ಹೇಳಿದ. ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ಟಿನೊಳಗೆ ಸಣ್ಣ ಸ್ಪೀಕರ್ ಇರುತ್ತದಂತೆ, ಮುಂದೆ ಏನು ಆಡಬೇಕೆಂದು ಕೋಚ್ ಕಿವಿಯಲ್ಲೇ ಹೇಳುತ್ತಾನಂತೆ. ಆದರೆ ಪ್ರತಿ ಆಟ ಶುರು ಮಾಡುವ ಗಡುವಿಗೆ ಹದಿನೈದು ಸೆಕೆಂಡು ಉಳಿದಾಗ ಅದು ಕಟ್. ಬಸವ ಇಡೀ ಸಂಜೆ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, “ವೈ ಕಟ್?”

“ಇಲ್ಲದಿದ್ದರೆ ಆಡುವವನು ಕೋಚೇ ಆಗಿಬಿಡುತ್ತಾನಲ್ಲ, ಬ್ಯಾಸ್.”

ಊಟ ಭರ್ಜರಿ ಯಶಸ್ಸು!

ಮೇ 9, ಭಾನುವಾರ

ಬಸವ ಪಾತ್ರೆ ಒರೆಸುತ್ತ, “ಹದಿನೈದು ಸೆಕೆಂಡಿಗೆ ಬಂದ್ ಮಾಡ್ತಾರ. ಛಲೋ ರೂಲ್ ಐತಿ” ಎಂದ. ಮಧ್ಯಾಹ್ನ ಮತ್ತೆ ಅದನ್ನೇ ಹೇಳಿದ. ಫುಟ್‌ಬಾಲ್ ಹುಚ್ಚು ಕೊನೆಗೂ ಹತ್ತಿತು!

ಮೇ 20, ಗುರುವಾರ

ಇಂಟರ್‌ವ್ಯೂ ಗೊತ್ತಾಗಿದೆ. ಜೂನ್ ಮೂರು, ಹೆಡ್ ಆಫೀಸಿನವರು ಫೋನಿನಲ್ಲಿ. ಬಸವನನ್ನು ಕಾಂಟ್ರಾಕ್ಟಿಗೆ ಕಳಿಸಿದ ಕಂಪನಿಗೆ ಈಗಲೇ ತಿಳಿಯುವುದು ಬೇಡವೆಂದು ಮನೆಗೇ ಮಾಡುತ್ತಾರಂತೆ. ಇಮ್ರಾನನದು ಅದರ ಹಿಂದಿನ ದಿನ.

ನಾನು ಪ್ಲ್ಯಾನ್ ಮಾಡಿದ್ದೇನೆ. ಬೆಡ್‌ರೂಮಿನಲ್ಲಿ ಇನ್ನೊಂದು ಫೋನಿದೆ. ಅದರಲ್ಲಿ ಕೇಳಿಸಿಕೊಂಡು, ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿನಿಂದ ತೋರಿಸುತ್ತೇನೆ. ಮೋಸ ಅಲ್ಲ. ವಿಷಯವೆಲ್ಲ ಅವನದೇ, ಇಂಗ್ಲಿಷ್ ಮಾತ್ರ ನನ್ನದು. ಎಷ್ಟೋ ಮನೆಗಳಲ್ಲಿ ಇಂಟರ್‌ವ್ಯೂಗೆ ಗೆಳೆಯನನ್ನೇ ಕೂರಿಸಿ ಮಾತಾಡಿಸುತ್ತಾರಂತೆ!

“ಬ್ಯಾಡ ಅನಸ್ತದ” ಎಂದ ಬಸವ.

“ಯಾಕ್ರೀ ಬ್ಯಾಡ? ನೀವು ತಡವರಿಸಿದ್ರ ಏನು ಮಾಡ್ತೀರಿ?”

“ತಡವರಸ್ತೀನಿ.”

ಇದೊಂದು ಉತ್ತರವೆ?

ಮೇ 29, ಶನಿವಾರ

ದಿನಾ ಸಂಜೆ ಪ್ರಾಕ್ಟೀಸ್. ನಾನು ಹೆಡ್ ಆಫೀಸು, ಅವನು ಅವನೇ. ‘ವೆಲ್’, ‘ವೆರಿ’ ಉಚ್ಚಾರ ತಿದ್ದಿದೆ. ಇವತ್ತು ಅರ್ಧ ವಾಕ್ಯದಲ್ಲಿ ನಿಲ್ಲಿಸಿ, “ನೀನ ಮುಗಸು” ಎಂದ. ಸಿಟ್ಟಿನಿಂದ ಹೇಳಲಿಲ್ಲ. ನಾನು ಮುಗಿಸಿದೆ. ಚೆನ್ನಾಗಿಯೇ ಮುಗಿಸಿದೆ. ಆಮೇಲೆ ಇಬ್ಬರೂ ಟಿವಿ ನೋಡಿದೆವು, ಏನು ನೋಡಿದೆವೋ ನೆನಪಿಲ್ಲ.

ಜೂನ್ 3, ಗುರುವಾರ

ಹೇಗಾಯಿತೋ ಹಾಗೆಯೇ ಬರೆಯುತ್ತೇನೆ.

ಫೋನ್ ಬಂತು. ಅವನು ಹಾಲ್‌ನಲ್ಲಿ ಎತ್ತಿದ, ನಾನು ಒಳಗೆ ಎತ್ತಿದೆ. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಕೆಲಸದ ಪ್ರಶ್ನೆಗಳಿಗೆ ಅವನು ಸಣ್ಣಸಣ್ಣದಾಗಿ ಉತ್ತರಿಸಿದ, ಎಲ್ಲ ಸರಿಯಾಗಿತ್ತು. ನಾನು ಬರೆದು ತೋರಿಸಿದ ಒಂದನ್ನೂ ಓದಲಿಲ್ಲ. ಆಮೇಲೆ ಆ ಹೆಂಗಸು, “ನೀವು ಪೂರ್ತಿ ತಪ್ಪು ತಿಳಿದುಕೊಂಡ ಒಂದು ಸಂದರ್ಭ ಹೇಳಿ. ಆಗ ಏನು ಮಾಡಿದಿರಿ?” ಎಂದು ಕೇಳಿದಳು.

ತಂತಿಯಲ್ಲಿ ಅವನ ಉಸಿರಷ್ಟೇ ಕೇಳುತ್ತಿತ್ತು. ನನಗೆ ಉತ್ತರ ಗೊತ್ತಿತ್ತು, ಮೂರು ಉತ್ತರ ಗೊತ್ತಿತ್ತು. ಹಾಳೆ ಹಿಡಿದು ಬಾಗಿಲಿಗೆ ಬಂದೆ. ಅವನು ನನ್ನನ್ನು ನೋಡಿದ. ಬೇಡ ಎಂದು ತಲೆಯಾಡಿಸಲೂ ಇಲ್ಲ. ಸುಮ್ಮನೆ ನೋಡಿ, ಗೋಡೆಯ ಕಡೆ ತಿರುಗಿದ.

ಒಳಗೆ ಹೋಗಿ ರಿಸೀವರನ್ನು ಸದ್ದಾಗದಂತೆ ಇಟ್ಟೆ. ಒಗೆಯುವ ಬಟ್ಟೆಯ ಬುಟ್ಟಿ ಎತ್ತಿಕೊಂಡು ನೆಲಮಾಳಿಗೆಯ ಲಾಂಡ್ರಿಗೆ ಹೋದೆ. ಅದರಲ್ಲಿ ಅರ್ಧ ಆಗಲೇ ಒಗೆದ ಬಟ್ಟೆ. ಮತ್ತೆ ಒಗೆದೆ.

ಬರುವಷ್ಟರಲ್ಲಿ ಅವನು ಕಿಟಕಿಯ ಬಳಿ ಕುಳಿತಿದ್ದ. ಏನು ಹೇಳಿದಿರಿ ಎಂದು ಕೇಳಬೇಕೆನಿಸಿತು, ಬಟ್ಟೆ ಮಡಚುತ್ತ ಕುಳಿತೆ. ನಾಲ್ಕೈದು ಅಂಗಿ ಆದ ಮೇಲೆ ಅವನೇ ಶುರು ಮಾಡಿದ.

“ದ್ವಾಸಿ ಕಥಿ ಹೇಳಿದೆ.”

“ಯಾವ ದೋಸೆ?”

“ಪ್ರಾಜೆಕ್ಟ್ ದ್ವಾಸಿ. ನಮ್ಮ ಮ್ಯಾನೇಜರ್ ನನಗ ಪ್ರಾಜೆಕ್ಟ್ ಅಂದ, ನಾವು ನೌಕರಿ ಸಿಕ್ತು ಅಂತ ತಿಳದು ಗುಡಿಗೆ ಹೋಗಿ ದ್ವಾಸಿ ತಿಂದು ಬಂದ್ವಿ ಅಂದೆ. ನಮ್ಮವ್ವ ಊರಿಗೆಲ್ಲ ಪೇಢಾ ಹಂಚಿದ್ಳು ಅಂದೆ. ನಗಾಕ ಹತ್ತಿದ್ರು. ಆಮ್ಯಾಲೆ ಏನು ಮಾಡಿದಿ ಅಂದ್ರು. ನಾ ಪ್ರಾಜೆಕ್ಟ್ ಅನ್ನೂದು ಖರೇನ ಐತಿ ಅಂತ ಗೊತ್ತಾತು, ದಿನಾ ಮುಂಜಾನೆ ಒಂದು ತಾಸು ಮೊದಲ ಹೋಗಿ ಟೋನಿ ಬರೆದಿದ್ದ ಹಳೇ ಪ್ರೋಗ್ರಾಮು ಓದಾಕ ಹತ್ತಿದೆ ಅಂದೆ.”

ಹೌದು, ಏಪ್ರಿಲಿನಿಂದ ಅವನು ಬೇಗ ಹೋಗುತ್ತಿದ್ದ. ಟ್ರಾಫಿಕ್ ಅನ್ನುತ್ತಿದ್ದ.

“ನಿಮಗ ಯಾವಾಗ ಗೊತ್ತಾತು?”

“ಆ ಸೋಮವಾರ. ಕಾಫಿ ರೂಮಿನ್ಯಾಗ ಎಲ್ಲಾರೂ ಆ ಫುಟ್‌ಬಾಲ್ ಹುಡುಗಗ ಪ್ರಾಜೆಕ್ಟ್ ಅಂತಿದ್ರು.” ಒಂದು ಕಾಲುಚೀಲ ಎತ್ತಿ ಅದರ ಜೋಡಿ ಹುಡುಕಿದ. “ಮನಿಗೆ ಬಂದೆ, ನೀ ಪಾಯಸ ಮಾಡಿದ್ದಿ. ಅಷ್ಟು ಖುಷಿಯಾಗಿದ್ದಿ. ಹ್ಯಾಂಗ ಹೇಳೂದು?”

ನನಗೂ ಅದೇ ದಿನ ಗೊತ್ತಾಗಿತ್ತು, ಅದನ್ನು ಮುಚ್ಚಿಡಲೆಂದೇ ಪಾಯಸ ಮಾಡಿದ್ದೆ ಎಂದು ಅವನಿಗೆ ಹೇಳಿದೆ. ಅವನು ಕಾಲುಚೀಲದ ಜೋಡಿ ಹುಡುಕಿ ಮಡಚಿಟ್ಟ. ನಾನು ಉಳಿದ ಅಂಗಿಗಳನ್ನು ಮಡಚಿದೆ.

ಜೂನ್ 7, ಸೋಮವಾರ

ಸುದ್ದಿ ಇಲ್ಲ. ಬಸವ ಊಟ ಮಾಡುತ್ತ ಆಫೀಸಿನ ವಿಷಯ ಹೇಳಿದ. ಟೋನಿಯ ಮೊದಲ ಪ್ರೋಗ್ರಾಮಿನಲ್ಲಿ ಅವನ ಹೆಂಡತಿಯ ಹೆಸರು ಅಡಗಿದೆಯಂತೆ, ಇಪ್ಪತ್ತು ವರ್ಷದಿಂದ ಯಾರೂ ಗಮನಿಸಿಲ್ಲವಂತೆ. ಅವನು ಇಷ್ಟೊಂದು ನಗಿಸುತ್ತಾನೆಂದು ನನಗೆ ತಿಳಿದಿರಲಿಲ್ಲ. ಕಥೆಯ ಮಧ್ಯೆ ನಿಂತು ಶಬ್ದ ಹುಡುಕುತ್ತಾನೆ. ಸಿಗುತ್ತದೆ.

ಜೂನ್ 14, ಸೋಮವಾರ

ಲೀಡ್ ಕೆಲಸ ಇಮ್ರಾನನಿಗೆ.

ಟೋನಿ ಬಸವನನ್ನು ಕೂರಿಸಿಕೊಂಡು ಹೇಳಿದನಂತೆ. ಹೆಡ್ ಆಫೀಸಿನವರು ಒಂದು ಜಾಗ ಕೊಟ್ಟಿದ್ದರು, ಟೋನಿ ಎರಡು ಕೇಳಿದ. ಬಸವನನ್ನೂ ಪರ್ಮನೆಂಟ್ ಮಾಡಿಕೊಳ್ಳುತ್ತಾರೆ, ಆದರೆ ಕೆಳಗಿನ ಹುದ್ದೆ. ಎರಡು ವರ್ಷ ಇಮ್ರಾನನ ಕೈಕೆಳಗೆ ಕಲಿಯಬೇಕು. ಗ್ರೀನ್ ಕಾರ್ಡಿನ ಮಾತು ಬರುವ ವರ್ಷ. “ಹಾಗಾದರೆ ಆ ಫುಟ್‌ಬಾಲ್ ಹುಡುಗನನ್ನು ಆರಿಸಿದ್ದೂ ಸರಿಯಲ್ಲವೆ?” ಎಂದು ಬಸವ ಕೇಳಿದನಂತೆ. ಟೋನಿ, “ಖಂಡಿತ ಇಲ್ಲ. ಒಬ್ಬ ಮನುಷ್ಯ ಒಂದು ಸಲಕ್ಕೆ ಒಂದೇ ಪ್ರಾಜೆಕ್ಟ್ ಸಹಿಸಬಲ್ಲ” ಎಂದನಂತೆ.

ಇಮ್ರಾನ್ ಮನೆಯವರೆಗೂ ಬಂದ. “ಭಾಭಿ, ಬೇಜಾರಾ?” ಎಂದು ಬಾಗಿಲಲ್ಲೇ ನಿಂತು ಕೇಳಿದ. ಬೇಜಾರಿತ್ತು. ಉತ್ತರ ಬಸವ ಕೊಟ್ಟ, “ಬೇಜಾರು ನಾಳೆ ತನಕ ಇರ್ತದೋ ಮಾರಾಯ. ನಾಳೆ ಕಾರು ನೀನ ಓಡಸು.” ಮೂವರೂ ಚಹಾ ಕುಡಿದೆವು.

ರಾತ್ರಿ ಬಸವ ಹೊಸ ಕಾರ್ಡು ಗೀಚಿ ಊರಿಗೆ ಫೋನ್ ಹಚ್ಚಿದ. ಪಂಚಾಕ್ಷರಿ ಮಾಸ್ತರರು ಅತ್ತೆಯನ್ನು ಕರೆಸಿದರು. ಅತ್ತೆ ಸಮುದ್ರದ ಆ ದಂಡೆಯಿಂದ ಕೂಗುವಂತೆ ಮಾತಾಡುವುದರಿಂದ ನನಗೆಲ್ಲ ಕೇಳುತ್ತಿತ್ತು. ಅವನು ಮೊದಲಿನಿಂದ ಹೇಳಿದ. ಅವತ್ತು ಹೇಳಿದ ಸುದ್ದಿ ತಪ್ಪು, ತಾನು ಸಾಹೇಬನಾಗಿಲ್ಲ, ನೌಕರಿ ಗಟ್ಟಿ ಆಗಿದೆ, ಇನ್ನೂ ಎರಡು ವರ್ಷ ಕಲಿಯಬೇಕು.

“ಇನ್ನೂ ಕಲೀಬೇಕಂತ? ಇಷ್ಟು ವರ್ಷ ಕಲತದ್ದು ಸಾಲಲಿಲ್ಲೇನೋ ಅವರಿಗೆ?”

“ಸಾಲಲಿಲ್ಲಬೇ ಯವ್ವಾ.”

“ಮತ್ತ ಪೇಢಾ ತಿಂದ ಮಂದಿಗೆ ಏನು ಹೇಳ್ಲಿ?”

“ತಿಂದದ್ದು ತಿಂದ್ರು. ಉಳದದ್ದು ಎರಡು ವರ್ಷಕ್ಕ ಅಂತ ಹೇಳು.”

ಅತ್ತೆ ನಕ್ಕರು, ಹಿಂದೆ ಓಣಿಯೂ ನಕ್ಕಿತು. ಆಮೇಲೆ ಅವರ ದನಿ ಸ್ವಲ್ಪ ತಗ್ಗಿತು. “ಅಕ್ಷಯಾ ಎಲ್ಲಿ ಅದಾಳೋ? ಆಕಿ ದನಿನ ಇಲ್ಲ. ಆರಾಮ ಅದಾಳಿಲ್ಲೋ?”

ಬಸವ ನನ್ನ ಕಡೆ ನೋಡಿದ. ಫೋನನ್ನು ನನಗೆ ದಾಟಿಸಲಿಲ್ಲ.

“ಇಲ್ಲೇ ಬಾಜೂಕ ಕುಂತಾಳವ್ವಾ,” ಎಂದ. “ಕೇಳಾಕತ್ತಾಳ.”